ತಳಕ್ಕೊಂದು ಬಿಲ್ಲೆಯೋ, ಮೈಯೆಲ್ಲ ಮೂರು ಪದರವೋ

ಎರಡು ವರ್ಷ ಸ್ಯಾಂಡ್‌ವಿಚ್ ಬಾಟಮ್ ಬಾಣಲೆ, ಈಗ ಎಂಟು ತಿಂಗಳಿಂದ ಟ್ರೈಪ್ಲೈ. ಇನ್ನು ಮೊದಲಿನದಕ್ಕೆ ನಾನು ವಾಪಸ್ ಹೋಗುವುದಿಲ್ಲ.

ಮೊದಲನೆಯದರಲ್ಲಿ ಅಲ್ಯುಮಿನಿಯಂ ಇರುವುದು ತಳದ ಬಿಲ್ಲೆಯಲ್ಲಿ ಮಾತ್ರ, ಪಕ್ಕಗಳೆಲ್ಲ ತೆಳು ಸ್ಟೀಲು. ಟ್ರೈಪ್ಲೈನಲ್ಲಿ ಸ್ಟೀಲು, ಅಲ್ಯುಮಿನಿಯಂ, ಸ್ಟೀಲು ಮೂರನ್ನೂ ಒಂದೇ ಹಾಳೆಯಾಗಿ ಒತ್ತಿ ಬೆಸೆದು ಆಮೇಲೆ ಬಾಣಲೆ ಮಾಡಿರುತ್ತಾರೆ.

ನಮ್ಮನೆಯಲ್ಲಿ ವಾರಕ್ಕೆ ಮೂರು ದಿನ ಉಪ್ಪಿಟ್ಟು. ರವೆ ಹುರಿಯುವಾಗಲೆಲ್ಲ ಬಿಲ್ಲೆ ಮುಗಿಯುವ ಜಾಗದಲ್ಲಿ ಬಳೆಯ ಹಾಗೆ ಒಂದು ಸುತ್ತು ಕರಿಕಾಗುತ್ತಿತ್ತು. ಗ್ಯಾಸಿನ ಉರಿ ಬಿಲ್ಲೆ ದಾಟಿ ತೆಳು ಸ್ಟೀಲಿಗೆ ತಾಗುತ್ತದೆ. ಶಾಖ ಹರಡುವುದರಲ್ಲಿ ಆ ಸ್ಟೀಲು ಅಲ್ಯುಮಿನಿಯಂನ ಹತ್ತರಲ್ಲೊಂದು ಪಾಲೂ ಇಲ್ಲ, ಬಿದ್ದ ಬಿಸಿ ಬಿದ್ದಲ್ಲೇ ನಿಲ್ಲುತ್ತದೆ. ಹಾಲು ಕಾಯಿಸಿದರೂ ಅದೇ ಕಂದು ಬಳೆ, ಉಜ್ಜಿ ಉಜ್ಜಿ ಬೆರಳು ನೋಯುತ್ತಿತ್ತು.

ಒಂದು ದಿನ ಅವಸರದಲ್ಲಿ ಕಾದ ಬಾಣಲೆಯನ್ನು ಹಾಗೇ ನಲ್ಲಿ ಕೆಳಗೆ ಹಿಡಿದೆ. ಟಕ್ ಎಂದಿತು. ಮರುದಿನ ಇಂಡಕ್ಷನ್ ಮೇಲಿಟ್ಟರೆ ಓಲಾಡುತ್ತಿದೆ. ಬೋರಲು ಹಾಕಿ ನೋಡಿದೆ: ಬಿಲ್ಲೆಯ ಅಂಚಿನಲ್ಲಿ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು.

ಆಗ ಕೂತು ಲೆಕ್ಕ ಹಾಕಿದೆ. ಒಂದು ಡಿಗ್ರಿ ಬಿಸಿಗೆ ಒಂದು ಮೀಟರ್ ಅಲ್ಯುಮಿನಿಯಂ ಸುಮಾರು 23 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ; ಇಂಡಕ್ಷನ್‌ಗೆಂದು ಹೊರಗೆ ಹಾಕುವ ಅಯಸ್ಕಾಂತಕ್ಕೆ ಅಂಟುವ 430 ದರ್ಜೆಯ ಸ್ಟೀಲು ಸುಮಾರು 10. ತಳ 20 ಸೆಂ.ಮೀ., ಬಿಸಿಯ ಏರಿಳಿತ 150 ಡಿಗ್ರಿ ಎಂದರೆ ಎರಡರ ನಡುವೆ ಸುಮಾರು 0.4 ಮಿ.ಮೀ. ಎಳೆದಾಟ. ಅಂಟಿಸಿದ ಪದರಗಳಲ್ಲಿ ಈ ಎಳೆತ ಹೆಚ್ಚು ಬೀಳುವುದು ತೆರೆದ ಅಂಚಿನ ಹತ್ತಿರ. ಸ್ಯಾಂಡ್‌ವಿಚ್ ಬಾಟಮ್‌ನಲ್ಲಿ ಆ ಅಂಚು ಇರುವುದು ನೇರ ಉರಿಯ ಬಾಯಲ್ಲಿ, ರವೆ ಕರಿಕಾಗುತ್ತಿದ್ದ ಅದೇ ಸುತ್ತಿನಲ್ಲಿ! ಟ್ರೈಪ್ಲೈನಲ್ಲೂ ಲೋಹಗಳು ಬೇರೆ ಬೇರೆಯಾಗಿಯೇ ಹಿಗ್ಗುತ್ತವೆ, ಆದರೆ ತೆರೆದ ಅಂಚು ಮೇಲೆ ಕಂಠದಲ್ಲಿದೆ, ಉರಿಯಿಂದ ದೂರ.

ಟ್ರೈಪ್ಲೈ ಕಂಠದಲ್ಲಿ ಕಾಣುವ ಅಲ್ಯುಮಿನಿಯಂ ಗೆರೆ ಹುಣಸೆಹುಳಿಗೆ ಮಂಕಾಗುತ್ತದೆ. ಹಿಡಿ ಬೇಗ ಬಿಸಿಯಾಗುತ್ತದೆ, ಮಸಿಬಟ್ಟೆ ಬೇಕೇ ಬೇಕು.

ಹಳೆಯದಕ್ಕೆ 1,100 ಕೊಟ್ಟಿದ್ದೆ, ಇದಕ್ಕೆ 2,300. ಸಾರು ಕುದಿಸಲು, ಅನ್ನಕ್ಕೆ ಎಸರಿಡಲು ಇಷ್ಟು ದುಡ್ಡು ಸುರಿಯಬೇಡಿ. ನೀರೇ ಶಾಖ ಹಂಚುತ್ತದೆ, ದಪ್ಪ ಬಿಲ್ಲೆಯ ಪಾತ್ರೆ ಧಾರಾಳವಾಗಿ ಸಾಕು. ಹುರಿಯುವುದು, ಬಾಡಿಸುವುದು ಹೆಚ್ಚಿದ್ದರೆ ಮಾತ್ರ ಟ್ರೈಪ್ಲೈ ತನ್ನಿ. ಮೊನ್ನೆ ಇದರಲ್ಲಿ ಬನ್ಸಿ ರವೆ ಹುರಿದೆ, ಅಂಚಿನಿಂದ ನಡುವಿನವರೆಗೂ ಒಂದೇ ಹೊಂಬಣ್ಣ. ಇಳಿಸಿದ ಮೇಲೆ ತಾನಾಗಿ ಆರುವವರೆಗೂ ನೀರು ತಾಗಿಸಲಿಲ್ಲ.