ಫೈನಾನ್ಸ್ ಕೋರ್ಸಿಗೆ ಸೇರಿಸಿಕೊಂಡು ನನ್ನ ಹೆಸರಿನಲ್ಲಿ ಸಾಲ ಮಾಡಿಸಿದರು: ಐಟಿ, ಟೆಲಿಕಾಂನವರು ದಯವಿಟ್ಟು ಓದಿ

"ಟೆಕ್ನಿಕಲ್ ಉದ್ಯೋಗಿಗಳಿಗೆ ಫೈನಾನ್ಸ್" ಅಂತ ಬೆಂಗಳೂರಿನಲ್ಲಿ ವೀಕೆಂಡ್ ಕೋರ್ಸ್ ನಡೆಸುವವರಿಂದ ನಿಮಗೂ ಫೋನ್ ಬಂದಿರಬಹುದು. ಸೇರುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಫೀಸನ್ನು ಕಂತಿನಲ್ಲಿ ಕಟ್ಟಿ ಅಂದರೆ ಅಲ್ಲೇ ನಿಲ್ಲಿಸಿ. ಅದು ಕಂತಲ್ಲ, ಸಾಲ. ನಿಮ್ಮ ಪ್ಯಾನ್ ಮೇಲೆ, ನಿಮ್ಮ ಸಿಬಿಲ್ (ಸಾಲ ತೀರಿಸಿದ ದಾಖಲೆ) ಮೇಲೆ ಕೂರುವ ಸಾಲ. ಸಂಸ್ಥೆಯ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಆಫೀಸಿನಲ್ಲಿ ಹೇಳಿಕೊಂಡಾಗ ಬೇರೆ ಬೇರೆ ಕಡೆ ಇದೇ ರೀತಿ ಸಿಕ್ಕಿಕೊಂಡವರು ಇದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೆಲಿಕಾಂನಲ್ಲಿ ನೆಟ್‌ವರ್ಕ್ ಪ್ಲಾನಿಂಗ್ ಮಾಡುವವನು. ಲೀಡ್ ಆದ ಮೇಲೆ ಪ್ರತಿ ಪ್ರಪೋಸಲ್ ಅನ್ನೂ ಫೈನಾನ್ಸ್ ಟೀಮ್ ಮುಂದೆ ಇಡಬೇಕಾಯಿತು. ಅವರು ಕೇಳುವ ಪ್ರಶ್ನೆಗಳೇ ಬೇರೆ. ಇದು ಕ್ಯಾಪೆಕ್ಸಾ (ಆಸ್ತಿ ಕೊಳ್ಳುವ ಬಂಡವಾಳ ವೆಚ್ಚ), ಒಪೆಕ್ಸಾ (ದಿನನಿತ್ಯ ನಡೆಸುವ ಖರ್ಚು)? ಪೇಬ್ಯಾಕ್, ಅಂದರೆ ಹಾಕಿದ್ದು ವಾಪಸ್ ಬರೋಕೆ, ಎಷ್ಟು ವರ್ಷ? ಎನ್‌ಪಿವಿ (ಮುಂದೆ ಬರುವ ದುಡ್ಡಿನ ಇವತ್ತಿನ ಬೆಲೆಯಿಂದ ಹಾಕಿದ್ದನ್ನು ಕಳೆದರೆ ಉಳಿಯುವುದು) ಎಷ್ಟು ಬರುತ್ತೆ? ಟವರ್ ಜಾಗ ಬಾಡಿಗೆಗೆ ತಗೊಂಡರೆ ಸುಮ್ನೆ ಬಾಡಿಗೆ ಖರ್ಚು ಅಂತ ತೋರಿಸಿದರೆ ಆಗಲ್ಲ. ಇಂಡ್ ಎಎಸ್ 116 ಅನ್ನುವ ಲೆಕ್ಕಪತ್ರ ನಿಯಮ 2019ರ ಏಪ್ರಿಲ್ 1ರಿಂದ ಬಂದಿದೆ, ದೀರ್ಘಾವಧಿ ಲೀಸ್ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿಯೂ ಹೊಣೆಯಾಗಿಯೂ ಕೂರಬೇಕು. ಇದನ್ನೆಲ್ಲ ನಮಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಾರು ಹೇಳಿಕೊಟ್ಟರು? ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತಿತ್ತು. ಕಲಿಯಬೇಕು ಅನ್ನುವ ಆಸೆ ನಿಜವಾಗಿಯೂ ಇತ್ತು. ಆ ಆಸೆಯ ಮೇಲೇ ಇವರ ವ್ಯಾಪಾರ ನಡೆಯುವುದು.

ಮಾರತಹಳ್ಳಿಯ ಆಫೀಸಿಗೆ ಕರೆದರು. ಸಿಲಬಸ್ ತೋರಿಸಿದರು. ಟೆಲಿಕಾಂ ಕೇಸ್ ಸ್ಟಡಿ, ಕ್ಲೌಡ್ ಖರ್ಚಿನ ಲೆಕ್ಕ, ಪ್ರಾಜೆಕ್ಟ್ ಬಜೆಟ್, ಪರ್ಸನಲ್ ಫೈನಾನ್ಸ್, ಎಲ್ಲ ಇತ್ತು. ಫೀಸ್ 48,000. ಶೇ 18 ಜಿಎಸ್‌ಟಿ 8,640. ಒಟ್ಟು 56,640. ನಾನು ಒಟ್ಟಿಗೇ ಕಟ್ಟುತ್ತೇನೆ, ಬಿಲ್ ಕೊಡಿ, ಕಂಪನಿಯಿಂದ ವಾಪಸ್ ಬರುತ್ತದೆ ಅಂದೆ. ಕೌನ್ಸೆಲರ್ ಬಿಡಲಿಲ್ಲ. "ಯಾಕೆ ಸರ್ ಒಟ್ಟಿಗೆ ಕಟ್ತೀರಾ? ತಿಂಗಳಿಗೆ ಬರೀ 4,720, ಹನ್ನೆರಡು ತಿಂಗಳು. ಬಡ್ಡಿ ಸೊನ್ನೆ. ನಿಮ್ಮ ಬ್ಯಾಚಿನಲ್ಲಿ ಎಲ್ಲರೂ ಇದನ್ನೇ ತಗೊಂಡಿದ್ದಾರೆ."

ಫೋನಿಗೆ ಲಿಂಕ್ ಕಳಿಸಿದರು. ಪ್ಯಾನ್ ಕೇಳಿತು, ಆಧಾರ್ ಕೇಳಿತು, ಆಮೇಲೆ ಸೆಲ್ಫಿ ಕೇಳಿತು. ಕಂತು ಕಟ್ಟೋಕೆ ಸೆಲ್ಫಿ ಯಾಕೆ ಅಂತ ಕೇಳಿದೆ. "ಐಡಿ ಕಾರ್ಡಿಗೆ ಸರ್." ಇದು ಸಾಲನಾ ಅಂತ ಬಾಯಿಬಿಟ್ಟು ಕೇಳಿದೆ. "ಅಯ್ಯೋ, ಸಾಲ ಅಲ್ಲ ಸರ್, ಸುಮ್ನೆ ಇನ್‌ಸ್ಟಾಲ್‌ಮೆಂಟ್. ಫೀಸ್ ನಮಗೇ ಬರೋದು." ಮತ್ತೆ ಕೇಳಿದಾಗಲೂ ಅದೇ ಉತ್ತರ. "ಕೊಡಿ ಸರ್, ನಾನೇ ಬೇಗ ಮಾಡಿಕೊಡ್ತೀನಿ" ಅಂತ ನನ್ನ ಫೋನ್ ತಗೊಂಡು ಸರಸರ ಪುಟ ಸರಿಸಿದ, ಒಟಿಪಿ ಕೇಳಿದ, ಮುಗಿಯಿತು. ಕಾಫಿ ತರಿಸಿದ. ಕೈ ಕುಲುಕಿದ. ನಾನು ಕೇಳಿದ್ದೆ ಅನ್ನುವುದನ್ನು ದಯವಿಟ್ಟು ಗಮನಿಸಿ. ಕೇಳಿದ್ದೆ, ಮುಖ ನೋಡಿಕೊಂಡೇ ಸುಳ್ಳು ಹೇಳಿದರು.

ಕ್ಲಾಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೆಬಿಟ್, ಕ್ರೆಡಿಟ್, ಉಪ್ಪಿನಕಾಯಿ ಫ್ಯಾಕ್ಟರಿಯ ಲಾಭ ನಷ್ಟದ ಪಟ್ಟಿ, ಅದನ್ನೇ ಸ್ಲೈಡ್ ನೋಡಿ ಓದಿದರು. ಫೈಬರ್ ನಾವೇ ಎಳೆಯುವುದು ಲಾಭವಾ, ಲೀಸ್ ತಗೊಳ್ಳುವುದಾ, ಹೇಗೆ ಹೋಲಿಸಬೇಕು ಅಂತ ಕೇಳಿದೆ. "ಅದು ಅಡ್ವಾನ್ಸ್ಡ್ ಸರ್, ಮುಂದಿನ ಮಾಡ್ಯೂಲ್." ಪಕ್ಕದಲ್ಲಿದ್ದ ಹುಡುಗಿ ಕ್ಲೌಡ್ ಬಿಲ್ಲಿಗೆ ಸವಕಳಿ ಲೆಕ್ಕ ಬರುತ್ತಾ ಅಂತ ಕೇಳಿದಳು. ಅದಕ್ಕೂ ಮುಂದಿನ ಮಾಡ್ಯೂಲ್. ಬರಲ್ಲಮ್ಮ, ಅದು ತಿಂಗಳ ಖರ್ಚು, ಸವಕಳಿ ಇರುವುದು ನಾವು ಕೊಂಡ ಸರ್ವರಿಗೆ, ಅಷ್ಟು ಹೇಳೋಕೆ ಯಾವ ಮಾಡ್ಯೂಲ್ ಬೇಕು?

ಪರ್ಸನಲ್ ಫೈನಾನ್ಸ್ ಅಂತ ಇದ್ದ ಭಾನುವಾರ ಟೈ ಹಾಕಿಕೊಂಡ ಬೇರೆ ಯಾರೋ ಬಂದರು. ಇಡೀ ಬೆಳಿಗ್ಗೆ ಯುಲಿಪ್ (ವಿಮೆ, ಹೂಡಿಕೆ ಎರಡೂ ಸೇರಿದ ಪಾಲಿಸಿ) ಮಾರಿದರು. "80ಸಿಯಲ್ಲಿ ತೆರಿಗೆ ಉಳಿಯುತ್ತೆ." ಹೊಸ ತೆರಿಗೆ ಪದ್ಧತಿಯಲ್ಲಿ ಇರುವವನಿಗೆ 80ಸಿ ವಿನಾಯಿತಿ ಎಲ್ಲಿದೆ ಅಂತ ಕೇಳಿದರೆ, "ಅದು ಆಮೇಲೆ ನೋಡೋಣ, ಮೊದಲು ಫಾರ್ಮ್ ತುಂಬಿ" ಅಂದರು. ಐದು ವರ್ಷ ಆ ದುಡ್ಡನ್ನು ಮುಟ್ಟುವ ಹಾಗಿಲ್ಲ ಅನ್ನುವುದನ್ನು ಅವರಾಗಿ ಹೇಳಲೇ ಇಲ್ಲ. ಫೀಸ್ ಕೊಟ್ಟು ಬಂದವರ ಮುಂದೆ ಪಾಲಿಸಿ ಮಾರುತ್ತಾರಲ್ಲ, ನಾಚಿಕೆ ಆಗಬೇಕು.

ನಾನು ಕಲಿಯಬೇಕಿದ್ದನ್ನು ಕಲಿಸಿದ್ದು ನಮ್ಮ ಆಫೀಸಿನ ಫೈನಾನ್ಸ್ ಮೇಡಂ. ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆಗೆದು ತೋರಿಸಿದರು. ಇವತ್ತು 10 ಲಕ್ಷ ಹಾಕ್ತೀರಿ, ವರ್ಷಕ್ಕೆ 3 ಲಕ್ಷದಂತೆ ನಾಲ್ಕು ವರ್ಷ ಉಳಿತಾಯ ಬರುತ್ತೆ. ಒಟ್ಟು 12 ಲಕ್ಷ. ಮೂರು ವರ್ಷ ನಾಲ್ಕು ತಿಂಗಳಿಗೆ ಹಾಕಿದ್ದು ವಾಪಸ್. ಲಾಭ ಅಂತ ಅನಿಸುತ್ತೆ ಅಲ್ವಾ? ಆದರೆ ಮುಂದಿನ ವರ್ಷ ಬರುವ ನೂರು ರೂಪಾಯಿ ಇವತ್ತಿನ ನೂರು ಅಲ್ಲ. ಶೇ 10ರ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ನಾಲ್ಕು ವರ್ಷದ ಉಳಿತಾಯ ಸುಮಾರು 9.51 ಲಕ್ಷ ಅಷ್ಟೇ. ಅಂದರೆ ಎನ್‌ಪಿವಿ ಮೈನಸ್ 49 ಸಾವಿರ. ಪ್ರಪೋಸಲ್ ಬಿದ್ದುಹೋಗುತ್ತೆ. ನನ್ನ ಹಳೆಯ ಪ್ರಪೋಸಲ್‌ಗಳು ಯಾಕೆ ವಾಪಸ್ ಬರುತ್ತಿದ್ದವು ಅಂತ ಆವತ್ತು ಅರ್ಥವಾಯಿತು. ಒಂದು ಊಟದ ಹೊತ್ತಿನಲ್ಲಿ. ಅವರಿಗೆ ನಾನು ಕೊಟ್ಟಿದ್ದು ಒಂದು ಫಿಲ್ಟರ್ ಕಾಫಿ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆ.

ಕಂಪನಿಗೆ ಬಿಲ್ ಕೊಡೋಣ ಅಂದರೆ ಇವರು ಕೊಟ್ಟಿದ್ದು ಬಿಳಿ ರಸೀದಿ, ಜಿಎಸ್‌ಟಿ ನಂಬರೇ ಇಲ್ಲ. ಪಟ್ಟು ಹಿಡಿದ ಮೇಲೆ ನಂಬರ್ ಇರುವ ಬಿಲ್ ಕಳಿಸಿದರು. ಕರ್ನಾಟಕದ ಕೋಡ್ 29ರಿಂದ ಶುರು, ಹದಿನೈದು ಅಕ್ಷರ, ನೋಡೋಕೆ ಸರಿಯಾಗಿಯೇ ಇತ್ತು. ನಮ್ಮ ಅಕೌಂಟ್ಸ್‌ನವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರು. ನೋಂದಣಿ ರದ್ದಾಗಿದೆ. ಹಾಗಾದರೆ ನನ್ನಿಂದ ತೆರಿಗೆ ಅಂತ ತಗೊಂಡ 8,640 ಎಲ್ಲಿ ಹೋಯಿತು? ಕೇಳಿದ್ದಕ್ಕೆ ಬಂದ ಉತ್ತರ: "ಸರ್, ಅದು ಬ್ಯಾಕೆಂಡ್ ಟೀಮ್ ವಿಷಯ." ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಆಮೇಲೆ ಜಯನಗರದ ಬ್ಯಾಂಕ್. ಮನೆ ಸಾಲಕ್ಕೆ ಹೋಗಿದ್ದೆವು, ಹೆಂಡತಿ, ಮಾವ, ನಾನು. ಮಾವ ಅಡ್ವಾನ್ಸಿಗೆ ತಮ್ಮ ಎಫ್‌ಡಿ ಮುರಿಸುತ್ತೇನೆ ಅಂದಿದ್ದರು. ಆಫೀಸರ್ ಕ್ರೆಡಿಟ್ ರಿಪೋರ್ಟ್ ನೋಡುತ್ತಾ ಸುಮ್ಮನಾದರು. "ಸರ್, ಒಂದು ಪರ್ಸನಲ್ ಲೋನ್ ನಡೀತಾ ಇದೆ. ಅರ್ಜಿಯಲ್ಲಿ ಬರೆದಿಲ್ಲವಲ್ಲ?" ನನ್ನ ಹೆಸರಿನಲ್ಲಿ ಯಾವ ಸಾಲವೂ ಇಲ್ಲ ಅಂದೆ. ಅವರು ಸ್ಕ್ರೀನ್ ತಿರುಗಿಸಿ ತೋರಿಸಿದರು. 56,640. ನಾನು ಕೇಳಿಯೇ ಇರದ ಫೈನಾನ್ಸ್ ಕಂಪನಿ. ತಾರೀಖು ನೋಡಿದೆ. ಕೋರ್ಸಿಗೆ ಸೇರಿದ ದಿನ.

"ಯಾವ ಸಾಲ ರೀ ಇದು? ನನಗೆ ಹೇಳೇ ಇಲ್ಲ" ಅಂದಳು ಹೆಂಡತಿ. ಮಾವ ಏನೂ ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಆಫೀಸರ್ ಪಾಪ ಮರ್ಯಾದೆಯಿಂದಲೇ ಹೇಳಿದರು, ಮುಚ್ಚಿಟ್ಟ ಸಾಲ ಅಂತ ಫೈಲಿನಲ್ಲಿ ಬರುತ್ತೆ, ವಿವರಣೆ ಬರೆದುಕೊಡಿ ಅಂತ. ಮುಚ್ಚಿಟ್ಟ ಸಾಲ! ಇಷ್ಟು ವರ್ಷ ಕ್ರೆಡಿಟ್ ಕಾರ್ಡ್ ಬಿಲ್ ಒಂದು ದಿನ ತಡ ಮಾಡಿದವನಲ್ಲ ನಾನು. ಮನೆಯವರ ಮುಂದೆ ಸುಳ್ಳುಗಾರನ ಥರ ಕೂರಿಸಿಬಿಟ್ಟರು. ಮನೆಗೆ ಬರುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಕೌನ್ಸೆಲರಿಗೆ ಫೋನ್ ಮಾಡಿದೆ. ಸಾಲ ಅಲ್ಲ ಅಂತ ಹೇಳಿದ್ದೆಯಲ್ಲಪ್ಪ? "ಸರ್, ನಾವು ಎಲ್ಲ ಎಕ್ಸ್‌ಪ್ಲೇನ್ ಮಾಡಿದ್ದೀವಿ, ನೀವೇ ಅಗ್ರೀ ಕೊಟ್ಟಿದ್ದೀರಾ." ಕೋರ್ಸ್ ಬೇಡ, ಸಾಲ ಮುಚ್ಚಿಸಿ ಅಂದೆ. "ಫೀಸ್ ನಾನ್ ರಿಫಂಡಬಲ್ ಸರ್. ಬೇಕಾದ್ರೆ ಮುಂದಿನ ಬ್ಯಾಚಿಗೆ ಹಾಕಿಕೊಡ್ತೀನಿ." ಸಾಲ ಕೊಟ್ಟವರಿಗೆ ಮಾಡಿದೆ. "ನಮ್ಮದು ಸಾಲ ಮಾತ್ರ ಸರ್, ಕೋರ್ಸ್ ವಿಷಯ ಅವರ ಹತ್ತಿರ ಮಾತಾಡಿ. ಕಂತು ನಿಲ್ಲಿಸಿದರೆ ಬೌನ್ಸ್ ಚಾರ್ಜ್ ಬೀಳುತ್ತೆ, ಸಿಬಿಲ್ ಹೋಗುತ್ತೆ." ಮತ್ತೆ ಸಂಸ್ಥೆಗೆ ಮಾಡಿದರೆ, "ಲೋನ್ ವಿಷಯ ಅವರ ಹತ್ತಿರ ಕೇಳಿ ಸರ್." ಮೊದಲು ಸಾಲವೇ ಅಲ್ಲ ಅಂದ ಅದೇ ಬಾಯಿ, ಈಗ ಲೋನ್ ವಿಷಯ ಅನ್ನುತ್ತದೆ! ಇಬ್ಬರ ನಡುವೆ ಚೆಂಡಿನ ಥರ ಒದೆಸಿಕೊಂಡೆ. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಗುತ್ತಿದೆ.

ನಡೆಯುವುದು ಹೀಗೆ. ಸಂಸ್ಥೆಗೆ ಫೈನಾನ್ಸ್ ಕಂಪನಿ ಮೊದಲ ದಿನವೇ ದುಡ್ಡು ಕೊಡುತ್ತದೆ, ತನ್ನ ಬಡ್ಡಿಯನ್ನು ಅದರಲ್ಲೇ ಹಿಡಿದುಕೊಂಡು. ಆ ಬಡ್ಡಿ ಫೀಸಿನೊಳಗೆ ಮೊದಲೇ ಸೇರಿರುತ್ತದೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ದುಡ್ಡು ಪೂರ್ತಿ ಕೈಗೆ ಬಂದ ಮೇಲೆ ನಿಮಗೆ ಪಾಠ ಮಾಡಿದರೆಷ್ಟು, ಬಿಟ್ಟರೆಷ್ಟು ಅವರಿಗೆ?

ಸಾಲ ಕೊಡುವವರು ಮೊದಲೇ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು. ವರ್ಷದ ಒಟ್ಟು ಬಡ್ಡಿ ದರ, ಎಲ್ಲ ಚಾರ್ಜು ಅದರಲ್ಲಿ ಇರಬೇಕು. ಆ್ಯಪ್ ಮೂಲಕ ಕೊಟ್ಟ ಸಾಲಕ್ಕೆ ಕೂಲಿಂಗ್ ಆಫ್ ಅವಧಿಯೂ ಇದೆ, ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಗೆ ಬರಬಹುದು. ನನಗೆ ಆ ಪತ್ರವನ್ನೇ ತೋರಿಸಲಿಲ್ಲ. "ಲಿಂಕಿನಲ್ಲಿ ಇತ್ತು ಸರ್" ಅಂತ ಈಗ ಹೇಳುತ್ತಾರೆ. ಆದ್ದರಿಂದ ಫೋನ್ ಯಾರ ಕೈಗೂ ಕೊಡಬೇಡಿ, ಎಷ್ಟೇ ನಗುನಗುತ್ತಾ ಕೇಳಲಿ. ಸಾಲ ಅಲ್ಲ ಅಂದರೆ ಅದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಜಿಎಸ್‌ಟಿ ನಂಬರ್ ಅಲ್ಲೇ ಕೂತು ಪೋರ್ಟಲ್‌ನಲ್ಲಿ ನೋಡಿ, ಯಾರು ಬೇಕಾದರೂ ನೋಡಬಹುದು. ಬೇಸಿಕ್ ಅಕೌಂಟಿಂಗ್ ಕಲಿಯೋಕೆ ಇಷ್ಟು ದುಡ್ಡು ಬೇಕಿಲ್ಲ, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಐಐಎಂ ಬೆಂಗಳೂರಿನವರ ಪಾಠಗಳೇ ಉಚಿತವಾಗಿ ಸಿಗುತ್ತವೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಸಾಲದವರಿಗೆ ಲಿಖಿತ ದೂರು ಕೊಟ್ಟಿದ್ದೇನೆ, 30 ದಿನದಲ್ಲಿ ಸರಿಯಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗುತ್ತೇನೆ. ಗ್ರಾಹಕರ ಆಯೋಗಕ್ಕೂ ಕಾಗದ ಸಿದ್ಧವಾಗಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ.

ದೂರು ಹೋದ ಮೇಲೆ ಮೊನ್ನೆ ಕೋರ್ಸ್ ಸಂಸ್ಥೆಯ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿದರು. ದನಿ ಬಹಳ ಮೆತ್ತಗಿತ್ತು. "ಸರ್, ಅರ್ಧ ವಾಪಸ್ ಕೊಡ್ತೀವಿ, ಕಂಪ್ಲೇಂಟ್ ತೆಗೆದುಬಿಡಿ, ಎಲ್ಲೂ ಬರೀಬೇಡಿ." ಅರ್ಧ ಬೇಡ ಅಂದೆ. ಪೂರ್ತಿ ದುಡ್ಡು ಬೇಕು, ಸಾಲ ಮುಚ್ಚಿದ್ದಕ್ಕೆ, ಬಾಕಿ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ಬೇಕು, ಬ್ಯಾಂಕಿಗೆ ಕೊಡೋಕೆ ನಿಮ್ಮ ಲೆಟರ್‌ಹೆಡ್‌ನಲ್ಲಿ ನಡೆದಿದ್ದೆಲ್ಲ ಬರೆದುಕೊಡಬೇಕು. ಕೇಳಿ ಹೇಳ್ತೀನಿ ಅಂದರು. ಇನ್ನೂ ಹೇಳಿಲ್ಲ.