ನಲವತ್ತರಲ್ಲಿ ಎಲ್‌ಎಲ್‌ಬಿ: ‘ಪ್ರೊಫೈಲ್ ಅಸೆಸ್‌ಮೆಂಟ್’ಗೆ ದುಡ್ಡು ಕೊಡಬೇಕೇ?

ಡಿಗ್ರಿ ಮುಗಿದು ಹತ್ತು ಹದಿನೈದು ವರ್ಷವಾಗಿ, ಕೆಲಸದಲ್ಲಿದ್ದುಕೊಂಡೇ ಲಾ ಓದಬೇಕೆಂದಿರುವವರಿಗಾಗಿ ಬೆಂಗಳೂರಿನಲ್ಲಿ ‘ಪ್ರೊಫೈಲ್ ಅಸೆಸ್‌ಮೆಂಟ್’ ಎಂಬ ಸೇವೆಗಳಿವೆ. ಅಂಕಪಟ್ಟಿ, ರೆಸ್ಯೂಮೆ ಕಳಿಸಿದರೆ ಫೋನಿನಲ್ಲಿ ಒಂದಿಷ್ಟು ಮಾತುಕತೆ. ಆಮೇಲೆ ಪಿಡಿಎಫ್ ವರದಿ: ಇಂಥ ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಸೀಟು ಸಿಗುವ ಸಾಧ್ಯತೆ ಶೇಕಡಾ ಇಷ್ಟು. ಇಲ್ಲಿ ನೋಡಿರುವುದು ಅಂಥದೊಂದು ಸೇವೆಯನ್ನು. ಹೆಸರು ಬೇಡ. ಐದಕ್ಕೆ ಎರಡು ಅಂಕ, ಅದೂ ದಾಖಲೆಪತ್ರದ ಪಟ್ಟಿಯೊಂದು ಚೆನ್ನಾಗಿದೆ ಎಂಬ ಕಾರಣಕ್ಕೆ.

ಮೊದಲ ತಕರಾರು ಆ ಶೇಕಡಾವಾರು ಲೆಕ್ಕದ್ದೇ. ವರದಿಯಲ್ಲಿ ಕೆಲಸದ ಅನುಭವ, ಲೀಡರ್‌ಶಿಪ್, ಉದ್ದೇಶ ಪತ್ರ ಎಲ್ಲಕ್ಕೂ ಅಂಕ ಹಾಕಿದ್ದಾರೆ. ಈ ಅಚ್ಚು ಅಮೆರಿಕದ್ದು. ಅಲ್ಲಿನ ಲಾ ಸ್ಕೂಲುಗಳು ಡಿಗ್ರಿಯ ಜಿಪಿಎ, 120ರಿಂದ 180ರ ಅಳತೆಯ ಎಲ್‌ಸ್ಯಾಟ್ ಪ್ರವೇಶ ಪರೀಕ್ಷೆಯ ಅಂಕ, ಪ್ರಬಂಧ, ಶಿಫಾರಸು ಪತ್ರ ಇಷ್ಟನ್ನೂ ಒಟ್ಟಿಗೆ ತೂಗುತ್ತವೆ. ಹಾಗಾಗಿ ತಡವಾಗಿ ಬಂದವರ ಅನುಭವಕ್ಕೆ ಅಲ್ಲಿ ಬೆಲೆಯುಂಟು. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ 2022ರಲ್ಲಿ ಶುರುವಾದ ಮೂರು ವರ್ಷದ ಕೋರ್ಸಿಗೆ ಎನ್‌ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯೊಂದೇ ದಾರಿ: 150 ಅಂಕ, 150 ನಿಮಿಷ, ಅರ್ಧ ಬಹು ಆಯ್ಕೆ, ಅರ್ಧ ಬರವಣಿಗೆ. ಬಹು ಆಯ್ಕೆಯ ಭಾಗದಲ್ಲಿ ಮುಂದೆ ಬಂದವರ ಬರವಣಿಗೆಯನ್ನಷ್ಟೇ ತಿದ್ದುತ್ತಾರೆ. ಹದಿನೈದು ವರ್ಷ ಮ್ಯಾನೇಜರ್ ಆಗಿದ್ದದ್ದಕ್ಕೆ ಅಲ್ಲಿ ಅರ್ಧ ಅಂಕವೂ ಇಲ್ಲ. ಇನ್ನು ಬಿಎಂಎಸ್, ವಿವೇಕಾನಂದ, ರೇಣುಕಾಚಾರ್ಯದಂಥ, ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೊದಲು ನೋಡುವುದು ಡಿಗ್ರಿಯ ಅಂಕವನ್ನೇ.

ಆ ಅಂಕದ ಲೆಕ್ಕದಲ್ಲೇ ವರದಿ ಎಡವಿದೆ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಪರಿಶಿಷ್ಟರಿಗೆ ಶೇ. 40 ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ (ವಿಟಿಯು) ಹಳೆಯ ಸಿಬಿಸಿಎಸ್ ಎಂಬ ಕ್ರೆಡಿಟ್ ಸ್ಕೀಮಿನಲ್ಲಿ ಬಿಇ ಮಾಡಿದವರ ಸಿಜಿಪಿಎ 5.1 ಎಂದಿಟ್ಟುಕೊಳ್ಳಿ. ವರದಿಯ ರೀತಿ ನೇರವಾಗಿ ಹತ್ತರಿಂದ ಗುಣಿಸಿದರೆ 51 ಬರುತ್ತದೆ, ನಿರಾಳ. ಆದರೆ ಆ ಸ್ಕೀಮಿಗೆ ವಿಟಿಯು ಕೊಟ್ಟ ಸೂತ್ರದಲ್ಲಿ ಮೊದಲು 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. ಬರುವುದು 43.5. ಸಾಮಾನ್ಯ ವರ್ಗದವರಿಗೆ ಅಲ್ಲಿಗೆ ಕಥೆ ಮುಗಿಯಿತು; ಅನುಭವ, ಶಿಫಾರಸು ಯಾವುದೂ ಒದಗುವುದಿಲ್ಲ.

ವಯಸ್ಸಿನ ಎದುರಿಗೆ ‘ಮಧ್ಯಮ ರಿಸ್ಕ್’ ಎಂದು ಬರೆದಿರುವುದು ಸುಮ್ಮನೆ ಹೆದರಿಸುವ ಮಾತು. ಮೂರು ವರ್ಷದ ಕೋರ್ಸಿಗೆ 30 ದಾಟಿರಬಾರದು ಎಂಬ ಷರತ್ತನ್ನು ಬಾರ್ ಕೌನ್ಸಿಲ್ 2016ರಲ್ಲಿ ಮತ್ತೆ ತಂದಿತ್ತು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಿಜವಾದ ರಿಸ್ಕ್ ಇರುವುದು ದೂರಶಿಕ್ಷಣದ ಡಿಗ್ರಿಯಲ್ಲಿ. ಪಿಯುಸಿ ಮಾಡಿ ಆಮೇಲೆ ದೂರಶಿಕ್ಷಣದಲ್ಲಿ ಬಿಎ ಮುಗಿಸಿದ್ದರೆ ನಿಯಮದ ಅಡ್ಡಿಯಿಲ್ಲ. ಪಿಯುಸಿಯೇ ಇಲ್ಲದೆ ನೇರವಾಗಿ ಮುಕ್ತ ವಿವಿಯ ಡಿಗ್ರಿ ಪಡೆದವರಿಗೆ ಎಲ್‌ಎಲ್‌ಬಿ ಬಾಗಿಲು ಮುಚ್ಚಿದೆ. ಮೈಸೂರಿನ ಮುಕ್ತ ವಿವಿಯಲ್ಲಿ ಓದಿದವರು ಸೇರಿದ ವರ್ಷವನ್ನೂ ನೋಡಿಕೊಳ್ಳಬೇಕು. 2013-14ರಿಂದ ಯುಜಿಸಿ ಮಾನ್ಯತೆಯ ತಗಾದೆ ನಡೆದು, ಅದು ಮತ್ತೆ ಸಿಕ್ಕಿದ್ದು 2018-19ಕ್ಕೆ. ಯಾವ ವರ್ಷ ಸೇರಿದಿರಿ ಎಂಬ ಪ್ರಶ್ನೆಯೇ ಈ ಸೇವೆಯ ಫಾರಂನಲ್ಲಿಲ್ಲ.

ಎಲ್ಲಕ್ಕಿಂತ ದೊಡ್ಡ ಲೋಪ ಹಾಜರಾತಿ. ಕೇಳಿದರೆ ಬರುವ ಉತ್ತರ, ‘ಅದೆಲ್ಲ ಅಡ್ಜಸ್ಟ್ ಮಾಡ್ಸೋಣ ಬಿಡಿ ಸರ್’. ಸೀಟು ಸಿಗುವುದು ಒಂದು ಮಾತು, ಪರೀಕ್ಷೆಗೆ ಕೂರುವುದು ಇನ್ನೊಂದು. ಬಾರ್ ಕೌನ್ಸಿಲ್ ನಿಯಮದಲ್ಲಿರುವ ಲೆಕ್ಕ ಹೀಗಿದೆ: ಸೆಮಿಸ್ಟರಿಗೆ ಕನಿಷ್ಠ 15 ವಾರ, ವಾರಕ್ಕೆ ಕನಿಷ್ಠ 24 ಗಂಟೆ ಪಾಠ, ಅಂದರೆ 360 ಗಂಟೆ. ಅದರ ಶೇ. 70 ಎಂದರೆ 252. ಉಳಿಯುವ 108 ಗಂಟೆಯನ್ನು ದಿನಕ್ಕೆ ನಾಲ್ಕರಂತೆ ಹಂಚಿದರೆ ತಪ್ಪಿಸಿಕೊಳ್ಳಬಹುದಾದದ್ದು 27 ದಿನ. ಶೇ. 70 ಒಟ್ಟಾರೆಯಲ್ಲ, ಪ್ರತಿ ವಿಷಯದಲ್ಲೂ ಬೇಕು. ಒಂದು ವಿಷಯದಲ್ಲಿ 65ಕ್ಕೆ ಇಳಿದರೆ, ಒಟ್ಟು 70 ಇದ್ದಾಗ ಮಾತ್ರ ಪ್ರಾಂಶುಪಾಲರು ವಿನಾಯಿತಿ ಕೊಡಬಹುದು. ಪ್ರತಿ ಸೋಮವಾರ ಆಫೀಸ್ ಮೀಟಿಂಗ್ ಇದ್ದವರಿಗೆ ಸೋಮವಾರವೇ ಹೆಚ್ಚು ಪೀರಿಯಡ್ ಇರುವ ವಿಷಯ ಕೈಕೊಡುತ್ತದೆ. ಪೂರ್ತಿ ವಸತಿ ಸಂಸ್ಥೆಯಲ್ಲದಿದ್ದರೆ ತರಗತಿ ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ ಮುಗಿಯಬೇಕು, ಆದ್ದರಿಂದ ಕೆಲಸ ಮುಗಿಸಿ ರಾತ್ರಿ ಕಾಲೇಜಿಗೆ ಹೋಗುವ ಆಸೆ ಬೇಡ. 2024ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ಬಾರ್ ಕೌನ್ಸಿಲ್ ಬಯೊಮೆಟ್ರಿಕ್ ಹಾಜರಾತಿಯನ್ನೂ, ಕೆಲಸದಲ್ಲಿದ್ದರೆ ಅದನ್ನು ಘೋಷಿಸಬೇಕೆಂಬುದನ್ನೂ ಸೇರಿಸಿದೆ. ‘ಅಡ್ಜಸ್ಟ್’ ಮಾಡುತ್ತೇವೆನ್ನುವವರು ಇದನ್ನು ಓದಿಲ್ಲ, ಅಥವಾ ಓದಿಯೂ ಸುಮ್ಮನಿದ್ದಾರೆ.

ಮೆಚ್ಚಬೇಕಾದ್ದು ದಾಖಲೆಗಳ ಪಟ್ಟಿ. ಟಿಸಿ, ಬೇರೆ ವಿವಿಯಿಂದ ಬಂದರೆ ಮೈಗ್ರೇಷನ್ ಸರ್ಟಿಫಿಕೇಟ್, ನಡುವಿನ ವರ್ಷಗಳಿಗೆ ನೋಟರಿ ಮಾಡಿಸಿದ ಗ್ಯಾಪ್ ಅಫಿಡವಿಟ್, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ: ಯಾವುದನ್ನೂ ಬಿಟ್ಟಿಲ್ಲ. ಇವುಗಳಲ್ಲಿ ಹಳೆಯ ಕಾಲೇಜಿನ ಟಿಸಿಗೇ ಹೆಚ್ಚು ಓಡಾಟ, ಅರ್ಜಿ ಕರೆಯುವ ಮುಂಚೆಯೇ ಹೋಗಿ ತಂದಿಟ್ಟುಕೊಳ್ಳಿ.

ಇನ್ನೊಂದು ಪುಟ ವರದಿಯಲ್ಲಿ ಇರಲೇಬೇಕಿತ್ತು. ಪೂರ್ಣಾವಧಿ ಸಂಬಳದ ಕೆಲಸ ಬಿಡದೆ ವಕೀಲಿಕೆ ಮಾಡುವಂತಿಲ್ಲ, ಬಾರ್ ಕೌನ್ಸಿಲ್ ನಡೆಸುವ ಎಐಬಿಇ ಪರೀಕ್ಷೆಯನ್ನೂ ಪಾಸಾಗಬೇಕು. ವಕೀಲರಾಗಿ ಹೆಸರು ನೋಂದಾಯಿಸುವ (ಎನ್‌ರೋಲ್‌ಮೆಂಟ್) ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಆದರೂ ವರದಿಯ ಖರ್ಚಿನ ಅಂದಾಜಿನಲ್ಲಿ ಆ ಸಾಲಿಗೆ ಸಾವಿರಗಟ್ಟಲೆ ಹಾಕಿದ್ದಾರೆ.

ಡಿಗ್ರಿ ಅಂಕ ಶೇ. 55ರ ಮೇಲಿದ್ದು, ರೆಗ್ಯುಲರ್ ಕಾಲೇಜಿನಲ್ಲಿ ಓದಿದವರಿಗೆ ಈ ವರದಿಯಿಂದ ಹೊಸದೇನೂ ತಿಳಿಯುವುದಿಲ್ಲ. ಅಂಕ 45ರ ಆಸುಪಾಸಿನಲ್ಲಿದ್ದರೆ, ಡಿಗ್ರಿ ದೂರಶಿಕ್ಷಣದ್ದಾದರೆ, ಅಂಕಪಟ್ಟಿಯ ಪ್ರತಿ ಹಿಡಿದು ಕಾಲೇಜಿನ ಕಚೇರಿಯಲ್ಲೇ ಅರ್ಹತೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಅಲ್ಲೇ ಮೊದಲ ಸೆಮಿಸ್ಟರಿನ ಟೈಮ್‌ಟೇಬಲ್ಲನ್ನೂ ಕೇಳಿ ಪಡೆದು ಆಫೀಸಿನ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ, ಆಮೇಲೆ ಫೀ ಕಟ್ಟಿ.