ಮನೆತೋಟದ ಕೆಲಸ ಎಲ್ಲಿ ಕಲಿಯಬೇಕು? ಹುಬ್ಬಳ್ಳಿ-ಧಾರವಾಡದಲ್ಲಿ ನಾನು ಕಲಿತು ನೋಡಿದ ನಾಲ್ಕು ಕಡೆ

ನಲವತ್ತು ದಾಟಿದ ಮೇಲೆ ಕೈಗೆ ಮಣ್ಣು ಹಚ್ಚಿಕೊಳ್ಳಬೇಕು ಅನ್ನುವವರು ನಮ್ಮ ಅವಳಿನಗರದಲ್ಲಿ ಈಗೀಗ ಜಾಸ್ತಿ. ನನ್ನ ತಾರಸಿ ನೋಡಿದವರೆಲ್ಲ ಕೇಳುವುದು ಒಂದೇ, "ಎಲ್ಲಿ ಕಲಸ್ತಾರ್ರೀ ಇದನ್ನ?" ಅಂತ. ನಾನು ಕಲಿತದ್ದು ನಾಲ್ಕು ಕಡೆ. ಕೃಷಿ ವಿಜ್ಞಾನ ಕೇಂದ್ರದ ತರಬೇತಿ, ಹುಬ್ಬಳ್ಳಿಯ ಒಂದು ಖಾಸಗಿ ತಾರಸಿ ತೋಟದ ಕ್ಲಾಸು, ಒಂದು ಆನ್‌ಲೈನ್ ಕೋರ್ಸು, ಮತ್ತೆ ಧಾರವಾಡದ ಅಂಚಿನ ಒಂದು ನರ್ಸರಿ. ನಾಲ್ಕರಲ್ಲಿ ನನ್ನ ಮೊದಲ ಮತ ನರ್ಸರಿಗೆ, ಎರಡನೆಯದು ಕೃಷಿ ವಿಜ್ಞಾನ ಕೇಂದ್ರಕ್ಕೆ. ಉಳಿದ ಎರಡಕ್ಕೆ ದುಡ್ಡು ಹಾಕುವ ಮೊದಲು ಸ್ವಲ್ಪ ಯೋಚನೆ ಮಾಡಿ.

ನಾನು ಅಳೆದದ್ದು ಒಂದೇ ವಿಷಯದ ಮೇಲೆ. ಅಲ್ಲಿ ಕಲಿತ ಕೆಲಸ ಮನೆಗೆ ಬಂದ ಮೇಲೆ ಯಾರನ್ನೂ ಕೇಳದೆ ಮಾಡೋಕೆ ಬಂತಾ? ಕುಂಡಕ್ಕೆ ಮಣ್ಣು ಕಲಸುವುದು, ಬೀಜದಿಂದ ಸಸಿ ಮಾಡುವುದು, ಕಸಿ ಅಥವಾ ಗೂಟಿ (ಟೊಂಗೆ ತಾಯಿಗಿಡದಲ್ಲಿ ಇರುವಾಗಲೇ ಅದಕ್ಕೆ ಬೇರು ಬರಿಸುವುದು) ಕಟ್ಟುವುದು. ಮನೆತೋಟಕ್ಕೆ ಈ ಮೂರು ಬಂದರೆ ಬಹಳಷ್ಟು ಬಂದ ಹಾಗೆ.

ನಮ್ಮ ಊರಿನ ಮಣ್ಣಿನ ವಿಷಯ ಮೊದಲೇ ಹೇಳಬೇಕು. ಧಾರವಾಡದ ಪಶ್ಚಿಮಕ್ಕೆ ಹೋದಂತೆ ಮಸಾರಿ, ಕೆಂಪು ಮಣ್ಣು. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆ ಹೊರಟರೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದುಕೊಂಡು ಕೂರುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದೇ ಅವಳಿನಗರದಲ್ಲಿ ಎರಡು ಥರದ ಮಣ್ಣು. ಬೇರೆ ಊರಿನ ಅಳತೆಯನ್ನು ಇಲ್ಲಿ ತಂದು ಸುರಿದರೆ ಗಿಡ ಬರುವುದಿಲ್ಲ. ಕಲಿಸುವವರಿಗೆ ಈ ಮಣ್ಣು ಗೊತ್ತಿದೆಯೋ ಇಲ್ಲವೋ ಅನ್ನುವುದು ಅದಕ್ಕೇ ಮುಖ್ಯ.

ಮೊದಲು ಖಾಸಗಿ ಕ್ಲಾಸಿನ ಮಾತು. ಭಾನುವಾರ ಬೆಳಿಗ್ಗೆ ಎ.ಸಿ. ಹಾಲ್‌ನಲ್ಲಿ, ಪರದೆಯ ಮೇಲೆ ಚಿತ್ರ ತೋರಿಸುತ್ತಾ ನಡೆಯಿತು. ಫೀ ಒಂದೂವರೆ ಸಾವಿರ. ಜೊತೆಗೆ ಗ್ರೋ ಬ್ಯಾಗ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬೀಜದ ಪೊಟ್ಟಣ ಇರುವ ಒಂದು ಚೀಲ. ಒಂದು ಸಂಗತಿಯನ್ನು ಅವರು ಚೆನ್ನಾಗಿ ಹೇಳಿಕೊಟ್ಟರು, ತಾರಸಿಯ ಭಾರ. ಒಂದು ಘನ ಅಡಿ ಹಸಿ ಮಣ್ಣು 45 ಕಿಲೋ ದಾಟುತ್ತದೆ. ದೊಡ್ಡ ಕುಂಡಗಳನ್ನು ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿ ಇಡಿ, ನೆಲಕ್ಕೆ ತಾಗಿಸದೆ ಇಟ್ಟಿಗೆಯ ಮೇಲೆ ಇಡಿ ಎಂದರು. ಈ ಮಾತು ಬೇರೆ ಮೂರು ಕಡೆ ಯಾರೂ ಹೇಳಲಿಲ್ಲ. ತಾರಸಿ ಮೇಲೆ ತೋಟ ಮಾಡುವವರು ಇಷ್ಟನ್ನು ಎಲ್ಲಿಂದಾದರೂ ತಿಳಿದುಕೊಳ್ಳಲೇಬೇಕು.

ಆದರೆ ಆ ಹಾಲ್‌ನಲ್ಲಿ ನಾವ್ಯಾರೂ ಮಣ್ಣು ಮುಟ್ಟಲಿಲ್ಲ. ಒಂದು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ ಅಂತ ಬರೆಸಿದರು, ಅಷ್ಟೇ. ಯಾವ ಮಣ್ಣು ಅಂತ ಕೇಳಲೇ ಇಲ್ಲ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅಂಥ ಮಿಶ್ರಣ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಹಾಕಿದ ನೀರು ಕುಂಡದ ಅಂಚಿನಿಂದ ಇಳಿದು ತಳದಿಂದ ಹರಿದು ಹೋಗುತ್ತದೆ, ಬೇರಿನ ನಡುಭಾಗ ಒಣಗಿಯೇ ಇರುತ್ತದೆ. ನಲ್ಲಿ ನೀರಿಗೆ ದಿನ ಲೆಕ್ಕ ಹಾಕುವ ಬಡಾವಣೆಗಳಲ್ಲಿ ಇದು ಸಣ್ಣ ತೊಂದರೆಯಲ್ಲ. ಪೊಟ್ಟಣದ ಕೊತ್ತಂಬರಿ ಬೀಜವೂ ಇಡಿಯಾಗಿಯೇ ಇತ್ತು. ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು ಅನ್ನುವುದನ್ನು ನನಗೆ ಹೇಳಿದ್ದು ನಮ್ಮ ಅತ್ತೆ. ಫೀ ಕೊಟ್ಟು ಬಂದವರಲ್ಲಿ ಬಹಳ ಮಂದಿ ಹೊಸಬರು. ಅಂಥವರಿಗೆ ಒಂದು ಕುಂಡವನ್ನಾದರೂ ಅವರ ಕೈಯಲ್ಲೇ ತುಂಬಿಸಬೇಕಿತ್ತು, ಅಲ್ವಾ?

ಆನ್‌ಲೈನ್ ಕೋರ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನ್ನಡದಲ್ಲೇ ಇತ್ತು, ಕಲಿಸಿದವರು ಕರಾವಳಿಯವರು, ಚೆನ್ನಾಗಿ ಮಾತಾಡುತ್ತಿದ್ದರು. ಅವರ ಮಳೆ ಬೇರೆ, ನಮ್ಮ ಮಳೆ ಬೇರೆ. ಅವರು ಹೇಳಿದ ತಿಂಗಳಿಗೆ ಇಲ್ಲಿ ಬಿತ್ತುವ ಹಾಗಿಲ್ಲ. ಆದರೂ ಕಟ್ಟುವ, ಸುತ್ತುವ ಕೆಲಸಗಳನ್ನು ನಿಲ್ಲಿಸಿ ನಿಲ್ಲಿಸಿ ಮತ್ತೆ ನೋಡೋಕೆ ವಿಡಿಯೋ ಒಳ್ಳೆಯದು. ಕೈಯಿಂದ ಒಮ್ಮೆ ಮಾಡಿದ ಮೇಲೆ ನೆನಪಿಗೆ ಇಟ್ಟುಕೊಳ್ಳಿ. ಮೊದಲ ಪಾಠವೇ ಅಲ್ಲಿಂದ ಬೇಡ.

ಇನ್ನು ಕೃಷಿ ವಿಜ್ಞಾನ ಕೇಂದ್ರ. ದೇಶದ ಮೊದಲ ಕೇಂದ್ರ ಶುರುವಾದದ್ದು 1974ರಲ್ಲಿ, ಪುದುಚೇರಿಯಲ್ಲಿ. ನಮ್ಮ ಭಾಗದಲ್ಲಿ ಧಾರವಾಡಕ್ಕೊಂದು, ಗದಗ ಜಿಲ್ಲೆಗೆ ಹುಲಕೋಟಿಯಲ್ಲಿ ಒಂದು, ಹಾವೇರಿ ಜಿಲ್ಲೆಗೆ ಹನುಮನಮಟ್ಟಿಯಲ್ಲಿ ಒಂದು ಇವೆ. ಇವುಗಳ ತರಬೇತಿ ಸಾಮಾನ್ಯವಾಗಿ ಉಚಿತ. ರೈತರಿಗಾಗಿ ಮಾಡಿದ ವ್ಯವಸ್ಥೆ ಆದ್ದರಿಂದ ಮಾತೆಲ್ಲ ಎಕರೆ, ಕ್ವಿಂಟಲ್ ಲೆಕ್ಕದಲ್ಲಿ ಇರುತ್ತದೆ. ಎಕರೆಯ ಲೆಕ್ಕವನ್ನು ಕುಂಡಕ್ಕೆ ಇಳಿಸಿಕೊಳ್ಳುವ ಕೆಲಸ ನಮ್ಮದು. ನಾನು ಹೋದ ತರಬೇತಿ ವಾರದ ನಡುವೆ ಇತ್ತು, ರಜೆ ಹಾಕಿ ಹೋದೆ. ಅದರಲ್ಲಿ ಒಂದು ಭಾಗವಂತೂ ಬಂಗಾರ. ಮಣ್ಣಿನ ಮಾದರಿ ತೆಗೆಯುವುದು.

ಮೇಲಿನ ಕಸಕಡ್ಡಿ ಸರಿಸಿ, ಸಲಿಕೆಯಿಂದ ಇಂಗ್ಲಿಷಿನ ವಿ ಆಕಾರದಲ್ಲಿ ಆರು ಇಂಚು ಗುಂಡಿ ತೋಡಬೇಕು. ಆಮೇಲೆ ಗುಂಡಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನ ತನಕ ತೆಳ್ಳಗೆ ಒಂದು ಪದರ ಕೆರೆದು ತೆಗೆಯಬೇಕು. ಹೀಗೆ ಹಿತ್ತಿಲಿನ ನಾಲ್ಕಾರು ಕಡೆ. ಗೊಬ್ಬರದ ಗುಂಡಿ ಹತ್ತಿರ ಬೇಡ, ಗಿಡದ ನೆರಳಲ್ಲಿ ಬೇಡ. ಎಲ್ಲವನ್ನೂ ಗೋಣಿಯ ಮೇಲೆ ಸುರಿದು, ಕಲಸಿ, ಗುಂಡಗೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವ ತನಕ ಹೀಗೇ. ನೆರಳಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ, ಪರೀಕ್ಷೆಗೆ ಕೊಡಬೇಕು. ಇದನ್ನು ಅಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿದರು. ಮನೆಗೆ ಬಂದು ನಮ್ಮ ಹಿತ್ತಿಲಲ್ಲಿ ಮಾಡೋಕೆ ಯಾರ ಸಹಾಯವೂ ಬೇಕಾಗಲಿಲ್ಲ.

ರೋಗದ ವಿಷಯದಲ್ಲೂ ಅವರೇ ಮುಂದು. ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಹೇಗೆ ಕಲಸುವುದು ಅನ್ನುವುದನ್ನು ಅಲ್ಲೇ ಕಲಿತೆ. 100 ಕಿಲೋ ಗೊಬ್ಬರಕ್ಕೆ ಒಂದು ಕಿಲೋ. ನಮ್ಮ ಲೆಕ್ಕಕ್ಕೆ ಕಿಲೋಗೆ 10 ಗ್ರಾಂ. ನೀರು ಚಿಮುಕಿಸಿ ನೆರಳಲ್ಲಿ ವಾರದ ಮೇಲೆ ಮುಚ್ಚಿಟ್ಟು ಆಮೇಲೆ ಬಳಸಬೇಕು. ತಂದ ದಿನವೇ ಕುಂಡಕ್ಕೆ ಉದುರಿಸಿದರೆ ಆ ಉಪಯೋಗ ಸಿಗುವುದಿಲ್ಲ.

ಹಾಗಾದರೆ ನರ್ಸರಿಗೆ ಮೊದಲ ಜಾಗ ಯಾಕೆ? ಅಲ್ಲಿ ಪಾಠ ಮುಗಿಯುವುದಿಲ್ಲ. ಇವತ್ತು ಕಟ್ಟಿದ ಕಸಿ ಮುಂದಿನ ವಾರ ಕಣ್ಣೆದುರಿಗೇ ಇರುತ್ತದೆ, ಚಿಗುರಿದೆಯೋ ಒಣಗಿದೆಯೋ ನೋಡಬಹುದು. ಬೇರೆ ಯಾವ ತರಗತಿಯಲ್ಲೂ ಇದು ಇರಲಿಲ್ಲ. ನಾನು ಭಾನುವಾರ ಬೆಳಿಗ್ಗೆ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋಗುತ್ತಿದ್ದೆ. ಮಾಲೀಕರನ್ನು ನೇರವಾಗಿ ಕೇಳಿದ್ದೆ, ಸಂಬಳ ಬೇಡ, ಕೆಲಸ ಮಾಡ್ತೀನಿ, ಕಲಿಸಿಕೊಡಿ ಅಂತ. ಅವರು ನನ್ನನ್ನು ಅಲ್ಲಿನ ಹಿರಿಯ ಮಾಲಿಯ ಹತ್ತಿರ ಬಿಟ್ಟರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ, ನಾನೂ ಹಾಗೇ.

ಶುರುವಿನಲ್ಲಿ ಬರೀ ಚೀಲ ತುಂಬಿಸುವ ಕೆಲಸ. ಬೇಸರದ ಕೆಲಸ ಅನ್ನಿಸಬಹುದು, ಆದರೆ ಮಣ್ಣಿನ ಹದ ಕೈಗೆ ಬರುವುದೇ ಅಲ್ಲಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು. ಒಡೆಯದಿದ್ದರೆ ಎರೆ ಜಾಸ್ತಿ ಆಗಿದೆ, ಮರಳೋ ಗೊಬ್ಬರವೋ ಬೇಕು. ಉಂಡೆಯೇ ಕಟ್ಟದಿದ್ದರೆ ನೀರು ನಿಲ್ಲುವುದಿಲ್ಲ. ಪಾಲು ಲೆಕ್ಕಕ್ಕಿಂತ ಈ ಪರೀಕ್ಷೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಯಾವ ಮಣ್ಣು ತಂದರೂ ನಡೆಯುತ್ತದೆ. ಚೀಲವನ್ನು ನೆಲಕ್ಕೆ ಎರಡು ಸಲ ತಟ್ಟಿ ಕೂರಿಸಬೇಕು, ಕೈಯಿಂದ ಒತ್ತಿ ತುರುಕಬಾರದು. ಮೇಲೆ ನೀರಿಗೆ ಒಂದು ಇಂಚು ಜಾಗ ಬಿಡಬೇಕು.

ಚಳಿಗಾಲ ಬಂದಾಗ ಗುಲಾಬಿಯ ಕಣ್ಣು ಕಸಿ. ಕಣ್ಣು ಅಂದರೆ ಎಲೆಯ ಬುಡದಲ್ಲಿ ಚಿಗುರುವ ಮೊಗ್ಗು. ಕಾಡು ಗುಲಾಬಿಯ ಕಾಂಡದ ಮೇಲೆ ಇಂಗ್ಲಿಷಿನ ಟಿ ಆಕಾರದಲ್ಲಿ ಚಾಕು ಎಳೆದು, ಚಾಕುವಿನ ಹಿಂಬದಿಯಿಂದ ಸಿಪ್ಪೆಯ ಎರಡು ರೆಕ್ಕೆ ಎಬ್ಬಿಸಬೇಕು. ಅದರೊಳಗೆ ಒಳ್ಳೆಯ ಗುಲಾಬಿಯ ಕಣ್ಣನ್ನು ಸಿಪ್ಪೆ ಸಮೇತ ಇಳಿಸಿ, ಕಣ್ಣು ಮಾತ್ರ ಹೊರಗೆ ಕಾಣುವ ಹಾಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ನಾನು ಚಾಕು ಹಿಡಿದಾಗ ಕಾಕಾ ಹೇಳಿದ್ದು: "ಅಕ್ಕಾರ, ಸಿಪ್ಪಿ ತಾನಾಗೇ ಎದ್ದು ಬರಬೇಕ್ರಿ. ಕಿತ್ತು ಎಬ್ಬಿಸೋದಾದ್ರ ಇವತ್ತ ಬ್ಯಾಡ, ಬುಡಕ್ಕ ನೀರ ಹಾಕಿ ನಾಕ ದಿನ ಬಿಟ್ಟ ಬರ್ರಿ." ಗಿಡದಲ್ಲಿ ರಸ ಓಡುತ್ತಿದ್ದರೆ ಮಾತ್ರ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಆಗ ಮಾತ್ರ ಕಣ್ಣು ಹಿಡಿಯುತ್ತದೆ. ಕಣ್ಣಿನ ಕೆಳಗೆ ಎಲೆಯ ತೊಟ್ಟನ್ನು ಚೂರು ಉಳಿಸುವುದಕ್ಕೂ ಕಾರಣ ಇದೆ. ಎರಡು ಮೂರು ವಾರದ ಮೇಲೆ ಬೆರಳು ತಾಗಿಸಿದ ಕೂಡಲೇ ಆ ತೊಟ್ಟು ಉದುರಿದರೆ ಕಸಿ ಹಿಡಿದಿದೆ. ಕಪ್ಪಾಗಿ ಮುದುಡಿ ಅಂಟಿಕೊಂಡಿದ್ದರೆ ಹೋಗಿದೆ.

ನರ್ಸರಿಯ ಕೊರತೆಯನ್ನೂ ಹೇಳಬೇಕು. ಯಾಕೆ ಅಂತ ಕೇಳಿದರೆ ಅಲ್ಲಿ ಯಾವಾಗಲೂ ಉತ್ತರ ಸಿಗುವುದಿಲ್ಲ. ನಮ್ಮ ಹಿತ್ತಿಲ ಗುಲಾಬಿಯ ಎಳೆ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರು ಉಳಿದಿದ್ದವು. ಕಾಕಾ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಹಾಕ್ರಿ ಅಂದರು. ಕಬ್ಬಿಣದ ಕೊರತೆ ಅನ್ನುವುದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೆ ಸುಣ್ಣದಂಶ ಇರುವ ಎರೆ ಮಣ್ಣಿಗೆ ಅನ್ನಭೇದಿ ಸುರಿದರೆ ಅದು ಬೇಗನೆ ಬೇರಿಗೆ ಸಿಗದ ಹಾಗೆ ಕಟ್ಟಿಕೊಳ್ಳುತ್ತದೆ. ಕೃಷಿ ವಿಜ್ಞಾನ ಕೇಂದ್ರದವರು ಹೇಳಿದ್ದು ಇದು: ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಎಲೆಗೇ ಸಿಂಪಡಿಸಿ, ಸಂಜೆ ಹೊತ್ತಿನಲ್ಲಿ. ಹೊಸ ಎಲೆ ಹಸಿರಾಗಿ ಬಂದವು. ನರ್ಸರಿಯಲ್ಲಿ ಕೈ ಪಳಗಿಸಿಕೊಂಡು, ಹುಟ್ಟಿದ ಪ್ರಶ್ನೆಗಳನ್ನು ಬರೆದುಕೊಂಡು ಕೇಂದ್ರದ ತರಬೇತಿಗೆ ಹೋಗಿ. ಆ ತರಬೇತಿ ಆಗ ಎರಡರಷ್ಟು ಉಪಯೋಗಕ್ಕೆ ಬರುತ್ತದೆ.

ನರ್ಸರಿಯನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವವರ ದಾರಿ ಬೇರೆ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ಕೊಡುತ್ತದೆ. ಸ್ವ-ಉದ್ಯೋಗದ ತರಬೇತಿಗೆ ಧಾರವಾಡದಲ್ಲೇ ರುಡ್‌ಸೆಟ್ ಸಂಸ್ಥೆ ಇದೆ. ಇವೆರಡರಲ್ಲೂ ನಾನು ಕಲಿತಿಲ್ಲ, ಹಾಗಾಗಿ ಈ ಹೋಲಿಕೆಗೆ ಸೇರಿಸಿಲ್ಲ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕಂತೂ ಒಮ್ಮೆ ಹೋಗಿ ಬನ್ನಿ. ಕಲಿಯೋಕೆ ಅಲ್ಲಿನ ಗದ್ದಲ ಸಾಲದು, ಆದರೆ ಬೀಜ ಮತ್ತು ಸಸಿ ತರೋಕೆ ಒಳ್ಳೆಯ ಜಾಗ.

ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಫೋನಿನಲ್ಲೇ ಕೇಳಿ. ಚಾಕು, ಕುರ್ಪಿ ನಮ್ಮ ಕೈಗೆ ಕೊಡ್ತೀರಾ? ಇಲ್ಲಿಯ ಮಣ್ಣಲ್ಲೇ ಮಾಡಿಸ್ತೀರಾ? ಒಂದು ತಿಂಗಳ ಮೇಲೆ ಗಿಡ ತೋರಿಸೋಕೆ ಮತ್ತೆ ಬರಬಹುದಾ? ಮೂರಕ್ಕೂ ಹೌದು ಅಂದರೆ ಸೇರಿಕೊಳ್ಳಿ.

ಗೂಟಿ ಕಲಿಯಬೇಕು ಅನ್ನುವವರು ಕಾರ ಹುಣ್ಣಿಮೆಯ ಹೊತ್ತಿಗೆ ಯಾವುದಾದರೂ ನರ್ಸರಿಯಲ್ಲಿ ಮಾತಾಡಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ದಾಳಿಂಬೆ, ಲಿಂಬೆ, ಪೇರಲದ ಪೆನ್ಸಿಲ್ ದಪ್ಪದ ಟೊಂಗೆಗೆ ಒಂದು ಇಂಚು ಸಿಪ್ಪೆ ಸುತ್ತಲೂ ಬಿಡಿಸಿ, ಒಳಗಿನ ಲೋಳೆ ಕೆರೆದು, ಒದ್ದೆ ಪಾಚಿ (ಮಾಸ್) ಇಟ್ಟು ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಪ್ಲಾಸ್ಟಿಕ್ಕಿನ ಒಳಗೆ ಬೇರು ಕಾಣುತ್ತದೆ. ಅದನ್ನು ಕತ್ತರಿಸಿ ಚೀಲಕ್ಕೆ ಹಾಕಿ ನೆರಳಲ್ಲಿ ಇಡುವುದನ್ನೂ ಅಲ್ಲೇ ನಿಂತು ಕಲಿತು ಬನ್ನಿ. ಬಹಳ ಗಿಡ ಸಾಯುವುದು ಆ ಹಂತದಲ್ಲೇ.